"ಇನ್ನು ಮರ ಕಡಿಯಬೇಕಿಲ್ಲ": ಬಾಟನಿ ಎಂಎಸ್ಸಿ ಗುಂಪಿನಲ್ಲಿ ಒಂದು ಫಾರ್ವರ್ಡ್

ಸವಿತಾ: (ಫಾರ್ವರ್ಡ್) "ದುರ್ವಾಸನೆ ಮರದೊಳಗಿನ ಶಿಲೀಂಧ್ರವೇ ಕ್ಯಾನ್ಸರ್ ಔಷಧಿಯ ಮೂಲವಸ್ತು ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆ. ಇನ್ನು ಪಶ್ಚಿಮ ಘಟ್ಟದ ಮರ ಕಡಿಯಬೇಕಿಲ್ಲ!"

ಮಂಜು: ಸವಿತಾ, ಇದನ್ನ ಬೇರೆ ಗುಂಪಿಗೆ ಕಳಿಸಬೇಡ. ಮೊದಲ ವಾಕ್ಯ ಅರ್ಧ ಸರಿ, ಎರಡನೇದು ತಪ್ಪು.

ಸವಿತಾ: ತಪ್ಪು ಹೇಗೋ? 2005ರಲ್ಲೇ ಈ ದುರ್ವಾಸನೆ ಮರದ, ಅಂದ್ರೆ ನೋಥಪೋಡೈಟಿಸ್‌ನ ಶಿಲೀಂಧ್ರದಲ್ಲಿ ಸಿಕ್ಕಿದೆ. ಆಮೇಲೆ ಫ್ಯುಸೇರಿಯಂ ಸೊಲಾನಿ ಅನ್ನೋ ಶಿಲೀಂಧ್ರದಲ್ಲೂ ಸಿಕ್ಕಿದೆ.

ಮಂಜು: ಸಿಕ್ಕಿದೆ, ಉಳಿದಿಲ್ಲ. ಚೀನಾದ ಕ್ಯಾಂಪ್ಟೋಥೀಕಾ ಮರದಿಂದ ತೆಗೆದ ಫ್ಯುಸೇರಿಯಂ ಏಳನೇ ಸಬ್‌ಕಲ್ಚರ್ (ಹೊಸ ಪ್ಲೇಟಿಗೆ ದಾಟಿಸಿದ ತಲೆಮಾರು) ಹೊತ್ತಿಗೆ ಬಹಳ ಕಮ್ಮಿ ಕೊಡ್ತಿತ್ತು. ಕ್ಯಾಂಪ್ಟೋಥೆಸಿನ್ ಮಾಡೋಕೆ ಬೇಕಾದ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಅನ್ನೋ ಕಿಣ್ವದ ಜೀನ್ ಅದರಲ್ಲಿ ಸಿಗಲೇ ಇಲ್ಲ. ಆ ಮೆಟ್ಟಿಲು ಗಿಡದ್ದು.

ರಫೀಕ್: ಟ್ಯಾಕ್ಸಾಲ್ ಲೆಕ್ಕ ನೋಡಿ, ಅದೂ ಟ್ಯಾಕ್ಸಸ್ ಮರದ ಕ್ಯಾನ್ಸರ್ ಔಷಧಿ. 1993ರ ಟ್ಯಾಕ್ಸೋಮೈಸಿಸ್ ಆಂಡ್ರಿಯಾನೆ ಅನ್ನೋ ಅದರ ಒಳ ಶಿಲೀಂಧ್ರ ಕೊಟ್ಟಿದ್ದು ಲೀಟರಿಗೆ 24ರಿಂದ 50 ನ್ಯಾನೋಗ್ರಾಂ. ಒಬ್ಬ ರೋಗಿಯ ಒಂದು ಡೋಸ್ ಸುಮಾರು 300 ಮಿಲಿಗ್ರಾಂ. ಲೀಟರಿಗೆ 50ರಂತೆ ಹಿಡಿದರೂ 60 ಲಕ್ಷ ಲೀಟರ್ ಬೆಳೆಸಬೇಕು.

ಸವಿತಾ: ಅದು ಹಳೇದು ರಫೀಕ್. ಆಮೇಲಿನ ವರದಿಗಳಲ್ಲಿ ಮೈಕ್ರೋಗ್ರಾಂ ಮಟ್ಟ ಇದೆ.

ರಫೀಕ್: ಎಷ್ಟೋ ವರದಿಗಳಲ್ಲಿ ಎಲೈಸಾ ಅನ್ನೋ ಆಂಟಿಬಾಡಿ ಪರೀಕ್ಷೆ ಮಾತ್ರ ಸಾಕ್ಷಿ. ಆ ಆಂಟಿಬಾಡಿ ಬೇರೆ ಅಣುಗಳಿಗೂ ಅಂಟುತ್ತೆ. 2013ರಲ್ಲಿ ಜರ್ಮನಿಯವರು ಅದೇ ಟ್ಯಾಕ್ಸೋಮೈಸಿಸ್‌ನ ಜೀನೋಮ್ ಓದಿದರು. ಟ್ಯಾಕ್ಸಸ್ ಮರದ ಜೀನ್‌ಗಳನ್ನ ಹೋಲುವಂಥದ್ದು ಸಿಗಲಿಲ್ಲ.

ಸವಿತಾ: ಸರಿ, ಟ್ಯಾಕ್ಸಾಲ್ ಬಿಡು. ಕ್ಯಾಂಪ್ಟೋಥೆಸಿನ್ ಅಣುವಿನ ತೂಕ ತೋರಿಸೋ ಮಾಸ್ ಸ್ಪೆಕ್ಟ್ರಂನಲ್ಲೇ ಕಂಡಿದೆ, 349ರ ಪೀಕ್. ಮೊದಲ ತಲೆಮಾರಿನಲ್ಲಿ ಸಿಕ್ಕಿದ್ದನ್ನ ಯಾಕೆ ಲೆಕ್ಕಕ್ಕೆ ಹಿಡಿಯಬಾರದು?

ಗೀತಕ್ಕ: ತಕರಾರು ಇರೋದೇ ಅಲ್ಲಿ ಸವಿತಾ. ಶಿಲೀಂಧ್ರ ಬೆಳೆಸೋ ಅಗಾರ್ ಜೆಲ್ ಮೇಲೆ ಇಡೋದು ಮರದ ಕಡ್ಡಿಯ ತುಂಡನ್ನ. ತುಂಡು ಒಣತೂಕ 20 ಮಿಲಿಗ್ರಾಂ, ಅದರಲ್ಲಿ 0.1% ಕ್ಯಾಂಪ್ಟೋಥೆಸಿನ್ ಅಂದ್ಕೋ. 20 ಮೈಕ್ರೋಗ್ರಾಂ ಅಗಾರ್‌ಗೆ ಇಳಿಯಬಹುದು, ಅಲ್ಲಿಂದ ಪ್ಲಗ್ (ಕತ್ತರಿಸಿದ ಅಗಾರ್ ತುಂಡು) ಜೊತೆ ಫ್ಲಾಸ್ಕ್‌ಗೂ ಹೋಗಬಹುದು. ಫ್ಲಾಸ್ಕ್‌ನಲ್ಲಿ ಸಿಕ್ಕಿದ್ದು 5 ಮೈಕ್ರೋಗ್ರಾಂ ಆದರೆ ಯಾರದ್ದು ಅಂತ ಹೇಳ್ತೀಯಾ? 349ರ ಪೀಕ್ ಇದೇ ಅಣು ಅಂತಷ್ಟೇ ಹೇಳುತ್ತೆ, ಯಾರು ಮಾಡಿದ್ದು ಅಂತಲ್ಲ. ಹೈಫಾ (ಶಿಲೀಂಧ್ರದ ಎಳೆ) ತುದಿಯನ್ನಷ್ಟೇ ಕತ್ತರಿಸಿ ಮೂರು ಸಲ ಹೊಸ ಪ್ಲೇಟಿಗೆ ದಾಟಿಸಿದ ಮೇಲೂ ಇದ್ದರೆ ಮಾತಾಡೋಣ. ಗುರುತಿಗೆ ಕಾರ್ಬನ್-13 ಇರೋ ಗ್ಲೂಕೋಸ್ ಉಣಿಸಿ, ಅದು ಅಣುವಿನೊಳಗೆ ಸೇರಿದರೆ ಇನ್ನೂ ಗಟ್ಟಿ. ಆಟೋಕ್ಲೇವ್ ಮಾಡಿ ಒಳಗಿನದ್ದೆಲ್ಲ ಸಾಯಿಸಿದ ಕಡ್ಡಿ ತುಂಡಿನ ಪ್ಲೇಟೂ ಪಕ್ಕದಲ್ಲಿ ಇರಲೇಬೇಕು.

ಸವಿತಾ: ಅಷ್ಟು ಸಲ ದಾಟಿಸಿದರೆ ಗಿಡದ ಸಂಕೇತ ಸಿಗದೆ ಶಿಲೀಂಧ್ರ ಜೀನ್ ಮುಚ್ಚಿಕೊಂಡಿರಬಹುದಲ್ವಾ ಅಕ್ಕ?

ಗೀತಕ್ಕ: ಇರಬಹುದು. ಅದಕ್ಕೇ ಮೊದಲ ಶುದ್ಧ ಕಲ್ಚರನ್ನ ಅವತ್ತೇ 20% ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಹಾಕಿಡಬೇಕು. 1, 4, 7ನೇ ತಲೆಮಾರು ಒಟ್ಟಿಗೆ ಬೆಳೆಸಿ ಅಳೆದರೆ ಕುಸಿತ ಕಾಣುತ್ತೆ. 7ನೇದಕ್ಕೆ ಗಿಡದ ಸಾರ ಹಾಕಿ ಎಬ್ಬಿಸೋಕೆ ನೋಡೋದಾದ್ರೆ, ಆ ಸಾರದಲ್ಲೇ ಕ್ಯಾಂಪ್ಟೋಥೆಸಿನ್ ಇರುತ್ತೆ, ಮರೀಬೇಡಿ. ಕಾರ್ಬನ್-13 ಇಲ್ಲದೆ ಆ ಪ್ರಯೋಗ ವ್ಯರ್ಥ.

ಮಂಜು: ಹೊರಮೈಯ ಸೂಕ್ಷ್ಮಜೀವಿ ಕೊಲ್ಲೋ ಸ್ಟೆರಿಲೈಸೇಷನ್‌ನಲ್ಲೇ ಅರ್ಧ ಜನ ಕೆಡಿಸ್ತಾರೆ. ಕಡ್ಡಿಗೆ 70% ಎಥನಾಲ್ 1 ನಿಮಿಷ, 4% ಹೈಪೋಕ್ಲೋರೈಟ್ 3 ನಿಮಿಷ, ಮತ್ತೆ ಎಥನಾಲ್ 30 ಸೆಕೆಂಡ್, ಸ್ಟೆರೈಲ್ ನೀರಲ್ಲಿ 3 ಸಲ. ತೆಳು ಎಲೆಗೆ ಅದೇ ಸಮಯ ಕೊಟ್ಟರೆ ಒಳಗಿನದ್ದೂ ಸಾಯುತ್ತೆ. ಕೊನೇ ತೊಳೆದ ನೀರನ್ನ 100 ಮೈಕ್ರೋಲೀಟರ್ ಪ್ಲೇಟಿಗೆ ಹಾಕಿ. ಅಲ್ಲಿ ಏನಾದ್ರೂ ಬೆಳೆದರೆ ಆ ಬ್ಯಾಚ್ ಪೂರ್ತಿ ಎಸೀರಿ, ಅದು ಹೊರಮೈಯದ್ದು.

ರಫೀಕ್: ಪ್ಲೇಟನ್ನ ವಾರಕ್ಕೇ ಎಸೆಯೋದೂ ತಪ್ಪು. ನಿಧಾನದವು ಮೂರನೇ ವಾರಕ್ಕೆ ಹೊರಬರುತ್ತವೆ. ಅಷ್ಟರಲ್ಲಿ ಬೇಗ ಬೆಳೆಯೋ ಟ್ರೈಕೋಡರ್ಮಾ ಶಿಲೀಂಧ್ರ ಆವರಿಸಿಕೊಂಡ್ರೆ ಉಳಿದವು ಸಿಗಲ್ಲ. ಪ್ಲೇಟಿಗೆ ನಾಲ್ಕೈದು ತುಂಡು ಸಾಕು.

ಸವಿತಾ: ಒಪ್ಪಿದೆ, ಫಾರ್ವರ್ಡ್ ಅಳಿಸ್ತೀನಿ. ಆದ್ರೆ "ಒಳ ಶಿಲೀಂಧ್ರದಿಂದ ಏನೂ ಇಲ್ಲ" ಅನ್ನೋ ಧಾಟಿ ಬೇಡ ಮಂಜು. ಹುಲ್ಲಿನೊಳಗಿನ ಎಪಿಕ್ಲೋಯಿ ಶಿಲೀಂಧ್ರ ಕೀಟಗಳಿಗೆ ವಿಷವಾದ ಲೋಲೈನ್ ಮಾಡುತ್ತೆ, ಜೀನ್ ಗುಂಪೇ ಸಿಕ್ಕಿದೆ. ದನ, ಕುದುರೆ ತಿಂದು ತಲೆ ಕೆಡಿಸಿಕೊಳ್ಳೋ ಲೋಕೋವೀಡ್‌ನ ಸ್ವೈನ್‌ಸೋನಿನ್ ವಿಷ ಕೂಡ ಗಿಡದ್ದಲ್ಲ, ಒಳಗಿನ ಶಿಲೀಂಧ್ರದ್ದು.

ಮಂಜು: ಅದನ್ನ ನಾನೂ ಒಪ್ತೀನಿ. ಶಿಲೀಂಧ್ರ ತನ್ನದೇ ಜೀನ್‌ನಿಂದ ಮಾಡೋದನ್ನ ಹುಡುಕಿ. ಮರದ ಔಷಧಿಯನ್ನ ಅದರ ಹೆಸರಿಗೆ ಬರೆದುಬಿಟ್ಟರೆ ಮರ ನೆಡೋ ಕೆಲಸ ನಿಲ್ಲುತ್ತೆ. ಕ್ಯಾಂಪ್ಟೋಥೆಸಿನ್ ಇವತ್ತಿಗೂ ಬರ್ತಿರೋದು ಮರದಿಂದಲೇ.