ಮದರ್‌ಬೋರ್ಡ್ ಬದಲಾಯಿಸಿದರೆ ತಂತ್ರಾಂಶದ ಪರವಾನಗಿ ಏಕೆ ನಿಲ್ಲುತ್ತದೆ?

ಪ್ರಶ್ನೆ – ಮಾಟುಂಗಾ, ಮುಂಬೈ

ಮಾಟುಂಗಾದಲ್ಲಿರುವ ನಮ್ಮ ಮಾವನವರ ಉಡುಪಿ ಹೋಟೆಲಿನ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಗಲ್ಲಾದ ಕಂಪ್ಯೂಟರು ಕಳೆದ ವಾರ ಮಳೆಯ ತೇವಕ್ಕೆ ಕೆಟ್ಟು ನಿಂತಿತು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವರು ಭಾಗಗಳೆಲ್ಲ ಕೂಡುವ ಮುಖ್ಯ ಫಲಕವಾದ ಮದರ್‌ಬೋರ್ಡನ್ನಷ್ಟೇ ಬದಲಾಯಿಸಿ, ಹಳೆಯ ಹಾರ್ಡ್‌ಡಿಸ್ಕನ್ನೇ ಮತ್ತೆ ಜೋಡಿಸಿಕೊಟ್ಟರು. ಕಡತಗಳೆಲ್ಲ ಇದ್ದ ಹಾಗೆಯೇ ಇವೆ. ಆದರೆ ಬಿಲ್ಲಿಂಗ್ ತಂತ್ರಾಂಶವನ್ನು ತೆರೆದೊಡನೆ ಈ ಪರವಾನಗಿ ಈ ಕಂಪ್ಯೂಟರಿಗೆ ಸಲ್ಲದು ಎಂಬ ಸೂಚನೆ ಬರುತ್ತಿದೆ; ವಿಂಡೋಸ್ ಕೂಡ ಆ್ಯಕ್ಟಿವೇಟ್ ಮಾಡಿರೆಂದು ಕೇಳುತ್ತಿದೆ. ತಂತ್ರಾಂಶ ಮಾರಿದವರು ಹೊಸ ಪರವಾನಗಿಯ ಪೂರ್ತಿ ಬೆಲೆಯನ್ನು ಕೇಳುತ್ತಿದ್ದಾರೆ. ಡಿಸ್ಕು ಅದೇ ಇರುವಾಗ ಯಂತ್ರ ಬದಲಾಯಿತೆಂದು ತಂತ್ರಾಂಶಕ್ಕೆ ತಿಳಿಯುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಪಿಂಪ್ರಿ, ಪುಣೆ

ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ವಿನ್ಯಾಸ ತಂತ್ರಾಂಶಗಳ ಪರವಾನಗಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ, ಈ ತೊಂದರೆಯನ್ನು ಮತ್ತೆ ಮತ್ತೆ ಕಂಡಿದ್ದೇನೆ. ತಂತ್ರಾಂಶವು ತನ್ನ ಕಡತಗಳನ್ನಲ್ಲ, ಯಂತ್ರದ ಭಾಗಗಳಲ್ಲಿರುವ ಕೆಲವು ಗುರುತಿನ ಸಂಖ್ಯೆಗಳನ್ನು ನೋಡುತ್ತದೆ. ಬೋರ್ಡಿನ ಫರ್ಮ್‌ವೇರಿನಲ್ಲಿ (ಅದರ ಚಿಪ್ಪಿನಲ್ಲೇ ಇರುವ ಮೂಲ ತಂತ್ರಾಂಶದಲ್ಲಿ) ಇರುವ ಯುಯುಐಡಿ ಎಂಬ ಗುರುತಿನ ಸಂಖ್ಯೆ, ಹಾರ್ಡ್‌ಡಿಸ್ಕಿನ ಕ್ರಮಸಂಖ್ಯೆ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಮುಂತಾದವುಗಳನ್ನು ಓದಿ, ಒಟ್ಟುಗೂಡಿಸಿ, ಹ್ಯಾಶ್ ಎಂಬ ಲೆಕ್ಕದಿಂದ ಚಿಕ್ಕದೊಂದು ಗುರುತನ್ನು ಹೊರತೆಗೆಯುತ್ತದೆ. ನೀವು ಮೊದಲ ಸಲ ನೋಂದಾಯಿಸಿದಾಗ ಮಾರಾಟಗಾರರು ಆ ಗುರುತಿಗೆ ಹೊಂದುವ ಕೀಲಿಯನ್ನು ಕೊಟ್ಟಿರುತ್ತಾರೆ. ಪ್ರತಿ ಸಲ ತೆರೆದಾಗಲೂ ತಂತ್ರಾಂಶವು ಅದೇ ಲೆಕ್ಕವನ್ನು ಮತ್ತೆ ಮಾಡಿ ತಾಳೆ ನೋಡುತ್ತದೆ.

ನೆಟ್‌ವರ್ಕ್ ಕಾರ್ಡು ಸಾಮಾನ್ಯವಾಗಿ ಬೋರ್ಡಿನಲ್ಲೇ ಅಡಕವಾಗಿರುವುದರಿಂದ, ಬೋರ್ಡು ಹೋದಾಗ ಅದರ ಯುಯುಐಡಿಯ ಜೊತೆಗೆ ಮ್ಯಾಕ್ ವಿಳಾಸವೂ ಹೋಗುತ್ತದೆ. ಮ್ಯಾಕ್ ಎಂದರೆ 48 ಬಿಟ್‌ಗಳ ಸಂಖ್ಯೆ; ಅದನ್ನು 12 ಅಕ್ಷರ-ಅಂಕಿಗಳಲ್ಲಿ ಬರೆಯುತ್ತಾರೆ. ಕಮಾಂಡ್ ಪ್ರಾಂಪ್ಟಿನಲ್ಲಿ ಗೆಟ್‌ಮ್ಯಾಕ್ ಎಂದು ಟೈಪ್ ಮಾಡಿದರೆ ಕಾಣುತ್ತದೆ. ಡಿಸ್ಕಿಗೂ ಎರಡು ಬಗೆಯ ಸಂಖ್ಯೆಗಳುಂಟು: ಕಾರ್ಖಾನೆಯಲ್ಲಿ ಕೊಟ್ಟದ್ದು ಹಾಗೆಯೇ ಉಳಿಯುತ್ತದೆ, ವಿಂಡೋಸ್ ಕೊಡುವ ವಾಲ್ಯೂಮ್ ಸಂಖ್ಯೆ ಮಾತ್ರ ಫಾರ್ಮ್ಯಾಟ್ ಮಾಡಿದಾಗಲೆಲ್ಲ, ಅಂದರೆ ಡಿಸ್ಕನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸಿದಾಗಲೆಲ್ಲ, ಬದಲಾಗುತ್ತದೆ. ಹೀಗಾಗಿ ಏನನ್ನೂ ಬದಲಾಯಿಸದೆ ಬರೀ ಫಾರ್ಮ್ಯಾಟ್ ಮಾಡಿದವರಿಗೂ ಪರವಾನಗಿ ತಪ್ಪಿದ ಉದಾಹರಣೆಗಳಿವೆ. ಒಂದು ಭಾಗ ಬದಲಾದರೆ ಸಹಿಸಿಕೊಳ್ಳುವಂತೆ ತಂತ್ರಾಂಶವನ್ನು ಬರೆಯಲು ಸಾಧ್ಯವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೇ ಹಲವು ಭಾಗಗಳನ್ನು ಒಟ್ಟಿಗೆ ನೋಡಿ, ಸಣ್ಣಪುಟ್ಟ ಬದಲಾವಣೆಯನ್ನು ಬಿಟ್ಟುಕೊಡುತ್ತಿತ್ತು. ಒಂದೇ ಸಂಖ್ಯೆಯನ್ನು ನಂಬಿ ಬೀಗ ಹಾಕುವವರು ಗ್ರಾಹಕನ ಕಷ್ಟವನ್ನು ಎಣಿಸಿಲ್ಲ ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಕಂಪ್ಯೂಟರನ್ನು ರಿಪೇರಿಗೆ ಕಳುಹಿಸುವ ಮೊದಲು ಪರವಾನಗಿಯನ್ನು ಅದರಿಂದ ಬಿಡಿಸಿ ಹಿಂದಿರುಗಿಸುತ್ತೇವೆ. ಬೋರ್ಡೇ ಸುಟ್ಟುಹೋದಾಗ ಅದು ಸಾಧ್ಯವಿಲ್ಲ. ಆಗ ಬೇಕಾಗುವುದು ಖರೀದಿಯ ರಸೀದಿ, ರಿಪೇರಿಯ ಬಿಲ್ಲು ಮತ್ತು ಹಳೆಯ ಬೋರ್ಡು. ಹೊಸ ಬೆಲೆ ಕೊಡುವ ಮೊದಲು ಒಪ್ಪಂದದ ಪತ್ರದಲ್ಲಿ ವರ್ಗಾವಣೆಯ ಬಗ್ಗೆ ಏನು ಬರೆದಿದೆ ಎಂಬುದನ್ನು ಓದಿ ನೋಡಿ.

ಉತ್ತರ – ದಾದರ್, ಮುಂಬೈ

ವಿಂಡೋಸ್ ವಿಷಯ ಬೇರೆ. ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಪರವಾನಗಿ ಆ ಯಂತ್ರಕ್ಕೆ ಮಾತ್ರ ಮೀಸಲು. ವಿಂಡೋಸ್ 8 ಬಂದ 2012ರಿಂದ ದೊಡ್ಡ ತಯಾರಕರು ಅದರ ಕೀಲಿಯನ್ನು ಬೋರ್ಡಿನ ಫರ್ಮ್‌ವೇರಿನಲ್ಲೇ ಇರಿಸುತ್ತಾರೆ. ಬಿಡಿಯಾಗಿ ಕೊಂಡ ರೀಟೇಲ್ ಪರವಾನಗಿಯಾದರೆ ಹೊಸ ಯಂತ್ರಕ್ಕೆ ಒಯ್ಯಬಹುದು. ವಿಂಡೋಸ್ 10ರ 2016ರ ಆವೃತ್ತಿಯಿಂದೀಚೆಗೆ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಲು ಅವಕಾಶವಿದೆ. ಮೊದಲೇ ಜೋಡಿಸಿದ್ದರೆ, ಆ್ಯಕ್ಟಿವೇಶನ್ ಪುಟದ ಟ್ರಬಲ್‌ಶೂಟರಿನಲ್ಲಿ ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬುದನ್ನು ಆಯ್ದು ನೋಡಿ.

ಮರುಪ್ರಶ್ನೆ – ಮಾಟುಂಗಾ, ಮುಂಬೈ

ಇಬ್ಬರಿಗೂ ಕೃತಜ್ಞತೆಗಳು. ಖಾತೆಗೆ ಜೋಡಿಸಿದ್ದರಿಂದ ವಿಂಡೋಸ್ ಸರಿಹೋಯಿತು. ಬಿಲ್ಲಿಂಗಿನದು ಹಾಗೆಯೇ ಇದೆ. ಪರಿಚಯದವರೊಬ್ಬರು ಕ್ರ್ಯಾಕ್, ಅಂದರೆ ಪರವಾನಗಿಯ ತಪಾಸಣೆಯನ್ನು ಮುರಿಯುವ ಕಾರ್ಯಕ್ರಮ, ಹಾಕಿಕೊಡುವೆನೆಂದರು. ಹಣ ಕೊಟ್ಟೇ ಕೊಂಡಿರುವ ನಮಗೆ ಅದು ತಪ್ಪಾಗುತ್ತದೆಯೇ?

ಉತ್ತರ – ವಾಸ್ಕೋ, ಗೋವಾ

ದಯವಿಟ್ಟು ಆ ದಾರಿಗೆ ಹೋಗಬೇಡಿ. ತಂತ್ರಾಂಶದ ಕಳ್ಳಪ್ರತಿಯೆಂದು ತಿಳಿದೂ ಬಳಸಿದವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳಿದೆ. ಅದೇ ಕಾಯಿದೆಯ 52ನೆಯ ಕಲಮು ನ್ಯಾಯವಾಗಿ ಪ್ರತಿ ಪಡೆದವನಿಗೆ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಅನುಮತಿ ಕೊಡುತ್ತದೆ. ಆದರೆ ಹಳೆಯ ಬೋರ್ಡಿಗೆ ಕೊಟ್ಟ ಕೀಲಿ ಬ್ಯಾಕಪ್‌ನಲ್ಲಿದ್ದರೂ ಹೊಸ ಬೋರ್ಡಿಗೆ ಹೊಂದುವುದಿಲ್ಲ. ದಂಡಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಇನ್ನೊಂದು ಅಪಾಯ: ದಿನದ ವ್ಯಾಪಾರದ ಲೆಕ್ಕವೆಲ್ಲ ಇರುವ ಯಂತ್ರದಲ್ಲಿ, ಯಾರು ಬರೆದರೆಂದೇ ತಿಳಿಯದ ಕ್ರ್ಯಾಕ್ ಕಾರ್ಯಕ್ರಮಕ್ಕೆ ಪೂರ್ಣ ಅಧಿಕಾರ ಕೊಟ್ಟು ಓಡಿಸಬೇಕಾಗುತ್ತದೆ.

ಮಾರಾಟಗಾರರ ಬಳಿ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ಸಾಧನ) ರೂಪದ ಪರವಾನಗಿ ಇದೆಯೇ ಎಂದೂ ವಿಚಾರಿಸಿ. ಗುರುತು ಡಾಂಗಲಿನ ಚಿಪ್ಪಿನಲ್ಲೇ ಇರುವುದರಿಂದ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ತಂತ್ರಾಂಶ ನಡೆಯುತ್ತದೆ. ಆದರೆ ಅದು ಕಳೆದರೆ ಪರವಾನಗಿಯೇ ಕಳೆದಂತೆ. ನಮ್ಮ ಕಚೇರಿಯಲ್ಲಿ ರಾತ್ರಿ ಅದನ್ನು ತಿಜೋರಿಯಲ್ಲಿ ಇಡುತ್ತೇವೆ.

ಪ್ರತಿಕ್ರಿಯೆ – ಮಾಟುಂಗಾ, ಮುಂಬೈ

ಕ್ರ್ಯಾಕ್ ಬೇಡವೆಂದು ಹೇಳಿಬಿಟ್ಟೆ. ಮಾವನವರ ಕಪಾಟಿನಲ್ಲಿ ಒಪ್ಪಂದದ ಪತ್ರ ಸಿಕ್ಕಿತು; ಯಂತ್ರ ಕೆಟ್ಟಲ್ಲಿ ಒಂದು ಸಲ ಉಚಿತವಾಗಿ ವರ್ಗಾಯಿಸಿಕೊಡಲಾಗುವುದು ಎಂದು ಅದರ ಎರಡನೆಯ ಪುಟದಲ್ಲಿದೆ. ಆ ಪುಟದ ಚಿತ್ರವನ್ನು ಮಾರಾಟಗಾರರಿಗೆ ಕಳುಹಿಸಿದ ಮೇಲೆ, ಹಳೆಯ ಬೋರ್ಡನ್ನು ತೋರಿಸಿದರೆ ಹೊಸ ಕೀಲಿ ಕೊಡುವುದಾಗಿ ಒಪ್ಪಿದ್ದಾರೆ. ಅಂಗಡಿಯವರು ಅದನ್ನು ಗುಜರಿಗೆ ಹಾಕುವ ಮೊದಲೇ ತರಲು ಈಗ ಲ್ಯಾಮಿಂಗ್ಟನ್ ರಸ್ತೆಗೆ ಹೊರಟಿದ್ದೇನೆ.