ನೇರಳೆ ಲಂಟಾನ ಕಿತ್ತು ಹಾಕಬೇಕಾ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ನರ್ಸರಿಯಿಂದ ನೇರಳೆ ಹೂವಿನ, ಬಳ್ಳಿಯಂತೆ ಇಳಿಬೀಳುವ ಗಿಡ ತಂದು ಕುಂಡದಲ್ಲಿಟ್ಟು ಕಾಂಪೌಂಡ್ ಮೇಲೆ ಇಟ್ಟಿದ್ದೇನೆ. ನಮ್ಮ ಮಾವ ಎಲೆ ಹಿಸುಕಿ ಮೂಸಿ ನೋಡಿ, "ಇದು ಗುಡ್ಡದ ಲಂಟಾನ, ಕಿತ್ತು ಬಿಸಾಕು, ಎಮ್ಮೆ ತಿಂದ್ರೆ ಸಾಯುತ್ತೆ" ಎಂದು ಹಟ ಹಿಡಿದಿದ್ದಾರೆ. ಇದು ಅದೇನಾ?

ಉತ್ತರ (ಸಸ್ಯಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ): ಅದೇ ಅಲ್ಲಮ್ಮ, ಅದರ ದಾಯಾದಿ. ಎರಡೂ ವರ್ಬಿನಾ ಕುಟುಂಬದವು. ಗುಡ್ಡದಲ್ಲಿರುವುದು ಲಂಟಾನ ಕಮಾರ. ನಿಮ್ಮದು ಲಂಟಾನ ಮಾಂಟೆವಿಡೆನ್ಸಿಸ್ ಇರಬೇಕು. ಉರುಗ್ವೆ ದೇಶದ ಮಾಂಟೆವಿಡಿಯೊ ಊರಿನಿಂದ ಬಂದ ಹೆಸರು ಅದು.

ವಾಸನೆ ನಂಬಬೇಡಿ. ಎರಡರ ಎಲೆಗೂ ಗಾಟು ಇದೆ, ಮಾವನವರು ಮೋಸ ಹೋಗಿದ್ದು ಅಲ್ಲೇ. ಕಾಂಡ ಸವರಿ ನೋಡಿ. ಕಾಡಿನದು ಚೌಕ ಕಾಂಡ, ಸಣ್ಣ ಕೊಕ್ಕೆ ಮುಳ್ಳು ಕೈಗೆ ತರಚುತ್ತೆ, ಆಳೆತ್ತರ ಮೀರಿ ಪೊದೆಯಾಗುತ್ತೆ. ನಿಮ್ಮದರ ಕಡ್ಡಿ ತೆಳು, ಮುಳ್ಳಿಲ್ಲ, ನೆಲದ ಮೇಲೆ ಹಬ್ಬುತ್ತೆ.

ಹೂವಲ್ಲೂ ಗೊತ್ತಾಗುತ್ತೆ. ಕಾಡಿನದರ ಒಂದೇ ಗೊಂಚಲಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ ಅಥವಾ ಕೆಂಪು ಇರುತ್ತೆ ಅಲ್ವಾ? ಹಳದಿಯಾಗಿ ಅರಳಿದ ಹೂವೇ ಹಳತಾದಂತೆ ಬಣ್ಣ ಬದಲಿಸುತ್ತೆ. ನಿಮ್ಮದು ಪೂರಾ ನೇರಳೆ, ನಡುವೆ ಸಣ್ಣ ಬಿಳಿ ಅಥವಾ ಹಳದಿ ಕಣ್ಣು. ನರ್ಸರಿಯ ಕುಳ್ಳ ಹಳದಿ ಲಂಟಾನ ತಂದಿದ್ದರೆ ಮಾತ್ರ ನಾನೂ ಮಾವನ ಪರವೇ. ಅದು ಹೆಚ್ಚಾಗಿ ಕಮಾರದ ಸಂತಾನ.

ಪ್ರಶ್ನೆ: ಹಾಗಾದ್ರೆ ಎಮ್ಮೆ ತಿಂದ್ರೂ ಏನೂ ಆಗಲ್ವಾ ಸರ್?

ಉತ್ತರ: ಹಾಗೆ ಹೇಳಲಿಲ್ಲ! ಕಮಾರದಲ್ಲಿ ಲಂಟಾಡೀನ್ ಎಂಬ ವಿಷ ಇದೆ, ಲಿವರ್‌ನಿಂದ ಪಿತ್ತರಸ ಹರಿಯದಂತೆ ತಡೆದು ಲಿವರ್ ಕೆಡಿಸುತ್ತೆ. ದನ ಮೇವು ಬಿಡುತ್ತೆ, ಕಣ್ಣು ಹಳದಿಯಾಗುತ್ತೆ. ಬಿಸಿಲು ತಾಗಿದರೆ ಮುಸುಡಿ, ಬಿಳಿ ಚರ್ಮ ಸುಟ್ಟಂತೆ ಸುಲಿಯುತ್ತೆ. ಸಾಮಾನ್ಯವಾಗಿ ಅವು ಅದನ್ನು ಮುಟ್ಟೋದಿಲ್ಲ. ಹುಲ್ಲು ಒಣಗಿದಾಗ, ಇಲ್ಲವೇ ಹೊಸ ಜಾಗಕ್ಕೆ ತಂದ ದನಕ್ಕೆ ಅಪಾಯ ಜಾಸ್ತಿ. ಅಂಥ ಲಕ್ಷಣ ಕಂಡರೆ ನೆರಳಿಗೆ ಕಟ್ಟಿ, ತಕ್ಷಣ ಪಶುವೈದ್ಯರನ್ನು ಕರೆಸಿ.

ನೇರಳೆಯದನ್ನೂ ಮೇವು ಅಂದುಕೊಳ್ಳಬೇಡಿ. ಕತ್ತರಿಸಿದ ಕಡ್ಡಿಯನ್ನು ಸುಮ್ನೆ ತಿಪ್ಪೆಗೆ ಎಸೆದರೆ ಎಮ್ಮೆ ಬಾಯಿಗೆ ಸಿಗುತ್ತೆ. ಗಿಡ ಇರಲಿ, ಜಾಗ ಬದಲಿಸಿ.

ಪ್ರಶ್ನೆ ಕೇಳಿದವರು: ಮಾವನಿಗೆ ಓದಿ ಹೇಳಿದೆ ಸರ್. ಅವರೇ ಕಾಂಡ ಸವರಿ ನೋಡಿ "ಮುಳ್ಳಿಲ್ಲ ಬಿಡು" ಅಂದರು. ಕುಂಡ ಈಗ ಮಾಳಿಗೆ ಮೇಲಿದೆ.