ಹಳೇ ರಿಸೀವರ್, ಹೊಸ 4ಕೆ ಟಿವಿ: ಯಾವ ಡಿಸ್ಕ್ ಪ್ಲೇಯರ್ ತಗೊಳ್ಳಲಿ?

ಡೊಂಬಿವಲಿ ದನಿ:
ಎಲ್ಲರಿಗೂ ನಮಸ್ಕಾರ. ಮನೆಗೆ ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಒಂದು ಬಗೆ) ಇರುವ 55 ಇಂಚಿನ 4ಕೆ ಟಿವಿ ಬಂದಿದೆ. ಸ್ಪೀಕರ್‌ಗಳಿಗೆ ಸೌಂಡ್ ಹಂಚುವ ರಿಸೀವರ್ ಮಾತ್ರ 2012ರ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್). ಸ್ಪೀಕರ್‌ಗಳ ಜೊತೆ ಚೆನ್ನಾಗಿ ಹೊಂದಿಕೊಂಡಿದೆ, ಬಿಡಲು ಮನಸ್ಸಿಲ್ಲ. ಗೆಳೆಯರ 4ಕೆ ಬ್ಲೂ-ರೇ ಪ್ಲೇಯರ್ ತಂದು ರಿಸೀವರ್ ಮೂಲಕ ಟಿವಿಗೆ ಕೊಟ್ಟರೆ ಚಿತ್ರ 1080ಪಿಗೆ ಇಳಿಯುತ್ತದೆ, ಎಚ್‌ಡಿಆರ್ (ಬೆಳಕು-ನೆರಳು, ಬಣ್ಣಗಳ ಹೆಚ್ಚಿನ ಹರವು) ಬರುವುದೇ ಇಲ್ಲ. ನೇರ ಟಿವಿಗೆ ಕೊಟ್ಟರೆ ಚಿತ್ರ ಅದ್ಭುತ, ಆದರೆ ಟಿವಿಯಿಂದ ಆಪ್ಟಿಕಲ್ ಕೇಬಲ್ಲಿನಲ್ಲಿ ರಿಸೀವರ್‌ಗೆ ಬರುವ ಸೌಂಡ್ ಸಪ್ಪೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ರಿಸೀವರನ್ನೇ ಬದಲಿಸಿ ಎಂದರು. ಅಪ್ಪ ಕೂಡಿಟ್ಟ ಕನ್ನಡ ಸಿನಿಮಾಗಳ ವಿಸಿಡಿ, ಡಿವಿಡಿ ಕಪಾಟು ತುಂಬ ಇವೆ, ಅವೂ ಓಡಬೇಕು. ನ್ಯೂಜೆರ್ಸಿಯಲ್ಲಿರುವ ತಂಗಿ ದೀಪಾವಳಿಗೆ ಬರುವಾಗ ಪ್ಲೇಯರ್ ತರುತ್ತೇನೆ ಅಂದಿದ್ದಾಳೆ. ಅಣ್ಣನ ಮಗ ತನ್ನ ಪಿಎಸ್5 ಕೊಡುತ್ತೇನೆ ಅನ್ನುತ್ತಾನೆ. ಏನು ಮಾಡಲಿ?

ಕೊಥ್ರೂಡ್ ಕೇಳುಗ:
ರಿಸೀವರ್ ಬದಲಿಸೋದು ಬ್ಯಾಡ್ರಿ. ಅದು ಕೆಟ್ಟಿಲ್ಲ. 4ಕೆ ಡಿಸ್ಕಿನ ಚಿತ್ರ ಎಚ್‌ಡಿಸಿಪಿ 2.2 ಅನ್ನೋ ಬೀಗ ಹಾಕ್ಕೊಂಡು ಹೊರಡ್ತದ. ದಾರಿಯಾಗಿರೋ ಪ್ರತಿ ಪೆಟ್ಟಿಗೆ ಹತ್ರನೂ ಅದರ ಕೀಲಿ ಇರಬೇಕು. 2012ರ ರಿಸೀವರ್ ಹತ್ರ ಇರಂಗಿಲ್ಲ, ಅದಕ್ಕ ಪ್ಲೇಯರ್ ತಾನಾಗೇ 1080ಪಿಗೆ ಇಳೀತದ. ಆಪ್ಟಿಕಲ್ ಕಥಿ ಬ್ಯಾರೆ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಅನ್ನೋ ಡಿಸ್ಕಿನ ಪೂರ್ತಿ ಗುಣಮಟ್ಟದ ಸೌಂಡ್ ಆ ಕೇಬಲ್ಲಿನೊಳಗ ಹಿಡಿಸಂಗಿಲ್ಲ, ಹಿಂಡಿದ ಡಾಲ್ಬಿ ಡಿಜಿಟಲ್ ಇಲ್ಲಾ ಡಿಟಿಎಸ್ ಅಷ್ಟ ದಾಟ್ತದ. ಸಪ್ಪೆ ಅನಿಸಿದ್ದು ಅದಕ್ಕ. ಟಿವಿ ಮೂಲಕನೇ ಪೂರ್ತಿ ಸೌಂಡ್ ಬೇಕಂದ್ರ ಎರಡೂ ಕಡೆ ಇಆರ್ಕ್ (eARC, ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ಕೇಬಲ್ಲಿನ್ಯಾಗ ಸೌಂಡ್ ಕಳಿಸೋ ಸೌಲಭ್ಯ) ಬೇಕು, ನಿಮ್ಮ ರಿಸೀವರ್‌ನ್ಯಾಗ ಅದೂ ಇಲ್ಲ.

ನಿಮಗ ಬೇಕಾದ್ದು ಎರಡು ಎಚ್‌ಡಿಎಂಐ ಔಟ್‌ಪುಟ್ ಇರೋ ಪ್ಲೇಯರ್. ಒಂದು ಕೇಬಲ್ ಸೀದಾ ಟಿವಿಗೆ, ಚಿತ್ರಕ್ಕ. ಇನ್ನೊಂದು ರಿಸೀವರ್‌ಗೆ, ಬರೇ ಸೌಂಡಿಗೆ. ಸೋನಿ ಯುಬಿಪಿ-ಎಕ್ಸ್700ನ್ಯಾಗ ಹಿಂಗ ಅದ, ಎಕ್ಸ್800ಎಂ2ನ್ಯಾಗ ಅದ, ಪ್ಯಾನಸಾನಿಕ್ ಯುಬಿ820ನ್ಯಾಗೂ ಅದ. ಒಪ್ಪೊ 2018ರಾಗ ಪ್ಲೇಯರ್ ಮಾಡೋದು ನಿಲ್ಲಿಸಿತು, ಸ್ಯಾಮ್‌ಸಂಗ್ 2019ರಾಗ ಹಿಂದ ಸರೀತು, ಹಿಂಗಾಗಿ ಆರಿಸೋಕೆ ಉಳಿದಿದ್ದೇ ಸ್ವಲ್ಪ. ರೊಕ್ಕ ಹೊಂದಿದ್ರ ನಾ 820 ಅಂತೀನಿ. ಡಿಸ್ಕಿನ್ಯಾಗ ಡಾಲ್ಬಿ ವಿಷನ್ ಐತೋ ಇಲ್ಲೋ ಅದೇ ನೋಡ್ಕೋತದ. ಸೋನಿಯೊಳಗ ಮೆನುಗೆ ಹೋಗಿ ಕೈಯಿಂದ ಆನ್-ಆಫ್ ಮಾಡಬೇಕು. ಬರೇ ಎಚ್‌ಡಿಆರ್10 (ಸಾದಾ ಎಚ್‌ಡಿಆರ್) ಇರೋ ಡಿಸ್ಕಿಗೆ ಆಫ್ ಮಾಡೋದು ಮರೀಬ್ಯಾಡ್ರಿ, ಬಣ್ಣ ಕೆಡ್ತಾವ.

ಪಿಎಸ್5 ನಿಮ್ಮ ಕೆಲಸಕ್ಕಲ್ಲ. ಒಂದ ಎಚ್‌ಡಿಎಂಐ, ಡಿಸ್ಕಿಗೆ ಡಾಲ್ಬಿ ವಿಷನ್ ಇಲ್ಲ, ಆಡಿಯೋ ಸಿಡಿ ಸೈತ ಓಡಿಸಂಗಿಲ್ಲ. ಅಪ್ಪಾರ ವಿಸಿಡಿ ಅಂತೂ ದೂರದ ಮಾತು.

ಮಡಗಾಂವ್ ಕಡಲು:
ತಂಗಿ ತರುವ ಮೊದಲು ಪೆಟ್ಟಿಗೆಯ ಹಿಂದಿನ ಲೇಬಲ್ ಓದಲು ಹೇಳಿ ಮಾರಾಯ್ರೇ. 100–240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ. ಬರೀ 120 ಎಂದಿದ್ದರೆ ನಮ್ಮ 230ಕ್ಕೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಅದಕ್ಕಿಂತ ದೊಡ್ಡ ತೊಡಕು ರೀಜನ್, ಅಂದರೆ ಯಾವ ದೇಶದ ಡಿಸ್ಕು ಯಾವ ಪ್ಲೇಯರಿನಲ್ಲಿ ಓಡಬೇಕೆಂಬ ಕಟ್ಟುಪಾಡು. 4ಕೆ ಡಿಸ್ಕುಗಳಿಗೆ ರೀಜನ್ ತಡೆ ಇಲ್ಲ, ಎಲ್ಲಿಯದು ಎಲ್ಲಿಯೂ ಓಡುತ್ತದೆ. ಆದರೆ ಸಾದಾ ಬ್ಲೂ-ರೇಯಲ್ಲಿ ಅಮೆರಿಕ ಎ, ನಾವು ಸಿ. ಡಿವಿಡಿಯಲ್ಲಿ ಅಮೆರಿಕ 1, ನಾವು 5. ತಂದೆಯವರ ಡಿವಿಡಿ ಕವರಿನ ಹಿಂದೆ ಭೂಗೋಳದ ಚಿತ್ರದೊಳಗೆ 5 ಎಂದಿದ್ದರೆ ಅಮೆರಿಕದ ಪ್ಲೇಯರ್ ಅದನ್ನು ಮುಟ್ಟುವುದಿಲ್ಲ. ನಿಮ್ಮಲ್ಲಿ ಕನ್ನಡ ಡಿವಿಡಿಗಳೇ ಜಾಸ್ತಿ ಅಂದ ಮೇಲೆ ಇಲ್ಲಿಯ ಮಾಡೆಲ್ಲೇ ತೆಗೆದುಕೊಳ್ಳಿ, ತಂಗಿಯ ಹತ್ತಿರ 4ಕೆ ಡಿಸ್ಕು ತರಿಸಿ.

ವಿಸಿಡಿಗೆ ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಎಸೆಯಬೇಡಿ. ಆ ಚಿತ್ರ ಇರುವುದೇ 352×288, ದುಬಾರಿ ಪ್ಲೇಯರ್ ಅದನ್ನು 4ಕೆ ಮಾಡಿ ಕೊಡುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಡಿಸ್ಕುಗಳಿಗೂ ಬೂಷ್ಟು ಹಿಡಿಯುತ್ತದೆ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ. ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ, ಸುತ್ತ ತಿರುಗಿಸಿ ಅಲ್ಲ.

ಡೊಂಬಿವಲಿ ದನಿ:
ಇಲ್ಲೇ ಎಕ್ಸ್700 ತಗೊಂಡೆ. ನೀವು ಹೇಳಿದ ಹಾಗೆ ಎರಡು ಕೇಬಲ್ ಹಾಕಿದೆ. ಚಿತ್ರ 4ಕೆ, ಡಾಲ್ಬಿ ವಿಷನ್ ಬಂತು! ಆದರೆ ರಿಸೀವರ್ ಮೇಲೆ ಟ್ರೂಎಚ್‌ಡಿ ಬದಲು ಡಾಲ್ಬಿ ಡಿಜಿಟಲ್ ಅಂತಲೇ ತೋರಿಸುತ್ತಿದೆ. ತುಟಿ ಅಲುಗುವ ಮುಂಚೆಯೇ ಮಾತು ಕೇಳಿಸುತ್ತದೆ.

ಕೊಥ್ರೂಡ್ ಕೇಳುಗ:
ಭಾಳ ಸಂತೋಷರಿ. ಪ್ಲೇಯರಿನ ಆಡಿಯೋ ಸೆಟ್ಟಿಂಗಿನ್ಯಾಗ ‘BD ಆಡಿಯೋ ಮಿಕ್ಸ್’ ಅಂತ ಇರ್ತದ, ಅದನ್ನ ಆಫ್ ಮಾಡ್ರಿ. ಮೆನುವಿನ ಸದ್ದು, ಕಾಮೆಂಟರಿ ಬೆರೆಸಲಿಕ್ಕೆ ಹೋಗಿ ಅದು ಮೂಲ ಟ್ರ್ಯಾಕನ್ನ ಇಳಿಸ್ತದ. ಆಟ್ಮಾಸ್ (ತಲಿ ಮ್ಯಾಲಿಂದನೂ ಸೌಂಡ್ ಕೊಡೋ ಡಾಲ್ಬಿ ಬಗೆ) ಡಿಸ್ಕ್ ಹಾಕಿದ್ರೂ ಅಂಜಬ್ಯಾಡ್ರಿ, ನಿಮ್ಮ ರಿಸೀವರ್ ಅದರೊಳಗಿನ ಟ್ರೂಎಚ್‌ಡಿ ತಗೊಂಡು 5.1ಕ್ಕ ಹಂಚ್ತದ.

ಈಗ ಚಿತ್ರದ ದಾರಿ ಬ್ಯಾರೆ, ಸೌಂಡಿನ ದಾರಿ ಬ್ಯಾರೆ. ಟಿವಿ ಚಿತ್ರ ತಿದ್ದಿ ತೋರ್ಸೋದ್ರಾಗ ಸೌಂಡ್ ಮುಂದ ಹೋಗಿರ್ತದ. ಮೊದಲು ಟಿವಿಯ ಮೋಷನ್ ಸ್ಮೂದಿಂಗ್ (ಚಲನೆ ನುಣುಪು ಮಾಡೋ ಸೆಟ್ಟಿಂಗ್) ಆಫ್ ಮಾಡ್ರಿ, ಸಿನಿಮಾಕ್ಕ ಅದು ಬ್ಯಾಡ. ಆಮ್ಯಾಲ ರಿಸೀವರ್‌ನ್ಯಾಗ ಆಡಿಯೋ ಡಿಲೇ 10 ಮಿಲಿಸೆಕೆಂಡಿನಂಗ ಏರಿಸ್ಕೋತ ಹೋಗ್ರಿ. ಹತ್ರದಿಂದ ಮುಖ ತೋರ್ಸೋ ದೃಶ್ಯ ಹಾಕ್ರಿ. ಪ, ಬ, ಮ ಅನ್ನುವಾಗ ತುಟಿ ಮುಚ್ಚತಾವಲ್ಲ, ಅಲ್ಲಿ ಕೂಡಿಸಿದ್ರ ಉಳಿದದ್ದೆಲ್ಲ ತಾನಾಗೇ ಕೂಡ್ತದ.